ಲೆಕ್ಕಕ್ಕೆ ಬಾರದ ಹುಳುಗಳು

ರಾಚಪ್ಪ ಮುದ್ದೆಯನ್ನು ಅಗಿಯುತ್ತಿದ್ದ.

ಇದರಲ್ಲೇನಿದೆ ಅನ್ನುವವರು ಅನ್ನಲಿ. ಕೊಳ್ಳೇಗಾಲದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತು, ಮುದ್ದೆ ಅಗಿಯುವ ಪದಾರ್ಥವಲ್ಲ. ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಹಲ್ಲು ಬಿದ್ದ ಮುದುಕರೂ ನುಂಗುತ್ತಾರೆ, ಹಲ್ಲು ಬಾರದ ಕೂಸುಗಳೂ ನುಂಗುತ್ತವೆ. ರಾಚಪ್ಪನಂತೂ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಹತ್ತು ನಿಮಿಷದ ವಿರಾಮದಲ್ಲಿ ಎರಡು ಮುದ್ದೆ ಮುಗಿಸಿ, ಕೈ ತೊಳೆದು, ಸ್ಟೇರಿಂಗ್ ಹಿಡಿಯುತ್ತಿದ್ದ. ಅಂಥವನು ಅವತ್ತು ಬುಧವಾರ ಮಧ್ಯಾಹ್ನ ನಿಂಬೆಹಣ್ಣಿನಷ್ಟು ಮುದ್ದೆಯನ್ನು ಬಾಯಿಗಿಟ್ಟುಕೊಂಡು ಎಮ್ಮೆ ಮೆಲುಕು ಹಾಕಿದ ಹಾಗೆ ಅಗಿದೂ ಅಗಿದೂ ಕಡೆಗೆ ನೀರು ಕುಡಿದು ಇಳಿಸಿದ.

ಎದುರಿಗೆ ಕೂತಿದ್ದ ಅವನ ಹೆಂಡತಿ ಚಿಕ್ಕತಾಯಮ್ಮ ನೋಡಿದಳು. ಅವಳು ಕಣ್ಣಿನ ಪೊರೆ ತೆಗೆಸಿಕೊಂಡು ಹನ್ನೊಂದು ದಿನ ರಜೆಯಲ್ಲಿದ್ದಳು. ಹೊಸದಾಗಿ ಬೆಳಕಾದ ಕಣ್ಣು. ಗಂಡನ ಗಲ್ಲದ ಬಿಳಿ ಕೂದಲು, ಗೋಡೆಯ ಬಿರುಕು, ತಟ್ಟೆಯ ಗೀರು ಎಲ್ಲವೂ ಎದ್ದು ಕಾಣುತ್ತಿದ್ದವು.

ಮುದ್ದೆ ಗಟ್ಟಿಯಾಯಿತೇ ಎಂದು ಕೇಳಿದಳು.

"ಇಲ್ಲ ಕಣಮ್ಮಿ, ಚೆನ್ನಾಗೇ ಅದೆ. ಒಳೀಕೆ ಇಳಿಯೋವಾಗ ಒಸಿ ತಡೀತದೆ, ಅಷ್ಟೆ. ವಯಸ್ಸಾಯ್ತಲ್ಲ."

ಅಷ್ಟಕ್ಕೇ ಬಿಟ್ಟಳು. ಅರವತ್ತೆರಡಕ್ಕೆ ಏನೆಲ್ಲ ತಡೆಯುವುದಿಲ್ಲ! ಊಟವಾದ ಮೇಲೆ ರಾಚಪ್ಪ ಡಬ್ಬಿಯಿಂದ ಒಂದು ಮೈಸೂರು ಪಾಕು ತೆಗೆದುಕೊಂಡು, ಅವಳ ಮುಂದೆ ಬೇಕೆಂದೇ ಕುಣಿಸಿ ಬಾಯಿಗೆ ಹಾಕಿಕೊಂಡ. ಅದು ಅವನ ದಿನದ ಹಬ್ಬ. ಮೂರು ವರ್ಷದ ಹಿಂದೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಸಕ್ಕರೆ ಕಾಯಿಲೆ ಅವನ ಎಡಗಾಲಿನ ಎರಡು ಬೆರಳು ತಿಂದುಹಾಕಿತ್ತು. ಇನ್ನೊಂದು ವರ್ಷಕ್ಕೆ ಪಾದ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಗ ಬಂತು ಹಣೆಬರಹದ ಸೂಜಿ.

ಅದರ ಸರ್ಕಾರಿ ಹೆಸರು ಬೇರೆ. ಯಾರ ಬಾಯಿಗೂ ಅದು ಹತ್ತಲಿಲ್ಲ. ಜನ ಇಟ್ಟ ಹೆಸರೇ ನಿಂತಿತು, ಮತ್ತು ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಇಂಥದೇ ಆಗಬೇಕೆಂಬ ಬರಹ ಇರುತ್ತದೆ. ಒಂದು ಚರ್ಮವಾಗುತ್ತದೆ, ಒಂದು ನರವಾಗುತ್ತದೆ, ಒಂದು ಲಿವರ್ ಆಗುತ್ತದೆ. ಆ ಬರಹವನ್ನೇ ತಿದ್ದಿಬಿಟ್ಟರೆ? ಲಿವರಿನ ಒಂದಷ್ಟು ಕೋಶಗಳಿಗೆ, ನೀವು ಇನ್ನು ಲಿವರ್ ಅಲ್ಲ, ಇನ್ಸುಲಿನ್ ಮಾಡುವ ಕೋಶಗಳು ಎಂದು ಹೇಳಿ ಒಪ್ಪಿಸಿಬಿಟ್ಟರೆ? ಮೊದಲ ಸೂಜಿ ಹೊಸ ಬರಹ ಬರೆಯುತ್ತಿತ್ತು. ಮೂರು ವರ್ಷದ ಮೇಲೆ ಎರಡನೆಯದು ಆ ಬರಹಕ್ಕೆ ಬೀಗ ಹಾಕುತ್ತಿತ್ತು. ಬೀಗ ಬೀಳದಿದ್ದರೆ ವರ್ಷದೊಳಗೆ ಹೊಸ ಬರಹ ಮಾಸಿ ಹಳೆಯದು ಮೇಲೇಳುವುದು, ಸಕ್ಕರೆ ಕಾಯಿಲೆ ಮರಳುವುದು. ರಾಜ್ಯದಲ್ಲಿ ನಲವತ್ತು ಸಾವಿರ ಜನ ಮೊದಲ ಸೂಜಿ ಚುಚ್ಚಿಸಿಕೊಂಡಿದ್ದರು. ಮೈಸೂರಿನ ಮಿಠಾಯಿ ಅಂಗಡಿಗಳ ಮುಂದೆ ತಾತಂದಿರು ಸಾಲುಗಟ್ಟಿ ನಿಲ್ಲುವಂತಾಗಿತ್ತು. ಬೀಗದ ಸೂಜಿಯ ಶಿಬಿರ ಬರುವ ಶನಿವಾರ ಶುರು. ರಾಚಪ್ಪನ ಚೀಟಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿತ್ತು.

ಈ ಸೂಜಿ ಹುಟ್ಟಿದ ಪ್ರಯೋಗಾಲಯದಲ್ಲೇ ತಾಯಮ್ಮನ ಕೆಲಸ. ಅವಳೇನು ವಿಜ್ಞಾನಿಯಲ್ಲ. ಹುಳು ಆರಿಸುವವಳು.

ಆ ಹುಳುವಿನ ವಿಷಯ ಒಂದಿಷ್ಟು ಹೇಳಲೇಬೇಕು. ಉದ್ದ ಒಂದು ಮಿಲಿಮೀಟರ್. ಕೊಳೆತ ಹಣ್ಣಿನಲ್ಲಿ, ಮಣ್ಣಿನಲ್ಲಿ ಬದುಕುವ ದುಂಡು ಹುಳು. ಮೈ ಗಾಜು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಂಟಲು ಮಿಡಿಯುವುದೂ ಕಾಣುತ್ತದೆ, ಕರುಳಿನಲ್ಲಿ ಊಟ ಹರಿಯುವುದೂ ಕಾಣುತ್ತದೆ. ಮೊಟ್ಟೆಗಳನ್ನು ಬಿಟ್ಟರೆ ಬೆಳೆದ ಹುಳುವಿನಲ್ಲಿ ಒಂಬೈನೂರ ಐವತ್ತೊಂಬತ್ತು ಕೋಶ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಯಾವ ಕೋಶ ಯಾವ ಕೋಶದ ಮಗಳು, ಯಾವ ಗಳಿಗೆಯಲ್ಲಿ ಹುಟ್ಟಿ ಏನಾಗುತ್ತದೆ ಎಂಬ ಪೂರಾ ವಂಶಾವಳಿಯನ್ನು ಅಲ್ಲಿ ಗೋಡೆಗೆ ಅಂಟಿಸಿದ್ದರು. ಅದರಲ್ಲಿ ನೂರ ಮೂವತ್ತೊಂದು ಕೋಶಗಳ ಮುಂದೆ ಅಡ್ಡಗೆರೆ. ಅವು ಹುಟ್ಟುವುದೇ ಸಾಯುವುದಕ್ಕೆ, ಹೊತ್ತು ಬಂದಾಗ ತಮ್ಮಷ್ಟಕ್ಕೆ ತಾವೇ ಸಾಯುತ್ತವೆ. ತಾಯಮ್ಮ ಮೊದಲ ಸಲ ಅದನ್ನು ಕೇಳಿದಾಗ, ಪಾಪ, ಬ್ರಹ್ಮ ಇವಕ್ಕೆ ಬರೆದದ್ದನ್ನು ಇವರು ಗೋಡೆಗೇ ಹಚ್ಚಿಬಿಟ್ಟಿದ್ದಾರಲ್ಲ ಅಂದಿದ್ದಳು. ಪ್ರಯೋಗಾಲಯದ ಮುಖ್ಯಸ್ಥರಾದ ಇಂದುಧರ ಬಿದ್ದು ಬಿದ್ದು ನಕ್ಕಿದ್ದರು.

ಅವರು ಕಂಡುಹಿಡಿದದ್ದೂ ಆ ಹುಳುವಿನಲ್ಲೇ. ಜೀನುಗಳಲ್ಲಿ ಕೆಲವು ಮೇಸ್ತ್ರಿಗಳಿರುತ್ತವೆ. ಬೇರೆ ಕೆಲಸಕ್ಕೆ ನಿಂತ ಕೋಶದೊಳಗೆ ಕರುಳಿನ ಮೇಸ್ತ್ರಿಯನ್ನು ಎಬ್ಬಿಸಿದರೆ ಆ ಕೋಶ ಹಳೆಯದನ್ನು ಮರೆತು ಕರುಳಾಗಿಬಿಡುತ್ತದೆ. ಮಾತು ಕೇಳಿದ ಕೋಶ ಯಾವುದೆಂದು ತಿಳಿಯಲು ಜೊತೆಗೊಂದು ಗುರುತು ಕಟ್ಟುತ್ತಿದ್ದರು. ನೀಲಿ ದೀಪ ಹಾಕಿ ಹಳದಿ ಕನ್ನಡಕದಲ್ಲಿ ನೋಡಿದರೆ ತಿದ್ದಿದ ಕೋಶ ಹಸಿರಾಗಿ ಹೊಳೆಯುತ್ತದೆ. ಮನುಷ್ಯರ ಸೂಜಿಯಲ್ಲೂ ಅದೇ ಗುರುತು ಇತ್ತು. ಇಲಿ, ಮಂಗ ಎಲ್ಲದರಲ್ಲೂ ಪರೀಕ್ಷೆ ನಡೆದಿತ್ತು, ನಿಜ. ಆದರೆ ಬೀಗ ಹಾಕಿ, ಹುಟ್ಟಿನಿಂದ ಮುಪ್ಪಿನವರೆಗೆ ಇಡೀ ಆಯುಷ್ಯ ನೋಡಿದ್ದು ಹುಳುಗಳಲ್ಲಿ ಮಾತ್ರ. ಇಪ್ಪತ್ತು ದಿನಕ್ಕೆ ಒಂದು ಆಯುಷ್ಯ. ಆರು ವರ್ಷ ನೋಡಿದರು. ಒಂದೇ ಒಂದು ಹುಳುವಿಗೂ ಕೆಡುಕಾಗಲಿಲ್ಲ ಎಂದು ಪುಸ್ತಕ ಹೇಳಿತು. ಆ ಪುಸ್ತಕ ಬರೆದವಳು ತಾಯಮ್ಮ.

ಅವಳನ್ನು ಬಿಟ್ಟರೆ ಆ ಕೆಲಸಕ್ಕೆ ಬೇರೆ ಕೈ ಇರಲಿಲ್ಲ ಅನ್ನಬೇಕು. ಹಲ್ಲುಕಡ್ಡಿಯ ತುದಿಗೆ ತನ್ನದೇ ರೆಪ್ಪೆಯ ಒಂದು ಕೂದಲು ಅಂಟಿಸಿಕೊಂಡು, ಅದರಿಂದ ಹುಳುವನ್ನು ನೋವಾಗದಂತೆ ಎತ್ತಿ ಹೊಸ ಪ್ಲೇಟಿಗೆ ಬಿಡುವಳು. ದಿನಕ್ಕೆ ಎಂಟುನೂರು. ಹುಳು ಸಾಕುವುದು ಅವಳ ತವರಿನ ಕಸುಬು. ರೇಷ್ಮೆ ಹುಳು ಎಷ್ಟನೇ ಜ್ವರಕ್ಕೆ, ಅಂದರೆ ಹಳೆಯ ಚರ್ಮ ಕಳಚಲು, ಕೂತಿದೆ, ಯಾವುದು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದೆ ಎಂದು ಎಂಟನೇ ವಯಸ್ಸಿಗೇ ಹೇಳುತ್ತಿದ್ದಳು. ಅವಳ ಅವ್ವ ಕಲಿಸಿದ ಇನ್ನೊಂದು ಪಾಠವಿತ್ತು. ಬೆಳಿಗ್ಗೆ ಎದ್ದು ಮೊದಲು ತಟ್ಟೆಯಲ್ಲಿ ಸಪ್ಪಗಿರುವ ಹುಳು, ಸೊಪ್ಪು ಮುಟ್ಟದ ಹುಳು ಆರಿಸಿ ಸುಣ್ಣದ ಗುಂಡಿಗೆ ಹಾಕಬೇಕು. ಯಾರಿಗೂ ತೋರಿಸಬಾರದು, ಬಾಯಿಬಿಟ್ಟು ರೋಗದ ಹೆಸರು ಹೇಳಬಾರದು. ಹೇಳಿದರೆ ಮನೆ ತುಂಬ ಹಬ್ಬುತ್ತದೆ. ನೆಂಟರು ಬಂದು ಹುಳು ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಎನ್ನಬೇಕು.

ಗುರುವಾರ ಬೆಳಿಗ್ಗೆ ತಾಯಮ್ಮ ಕೆಲಸಕ್ಕೆ ಹೋದಳು. ಹನ್ನೊಂದು ದಿನ ಅವಳ ಕಪಾಟನ್ನು ಯಾರೂ ಮುಟ್ಟಿರಲಿಲ್ಲ. ಮುಪ್ಪಿನ ಪರೀಕ್ಷೆಯ ಪ್ಲೇಟು ಹಾಗೇ ಇತ್ತು. ಮರಿ ಹಾಕದಂತೆ ಔಷಧಿ ಬೆರೆಸಿದ ಪ್ಲೇಟು ಅದು. ಅವಳು ಬಿಟ್ಟುಹೋದ ನೂರು ಹುಳುಗಳೇ ಮುದಿಯಾಗಿ ಅಲ್ಲಿರಬೇಕು.

ಮುಚ್ಚಳ ತೆಗೆದು ಕಣ್ಣಿಟ್ಟಳು. ಅಬ್ಬಾ, ಎಷ್ಟು ನಿಚ್ಚಳ! ಹುಳುಗಳು ನಿಧಾನವಾಗಿ ಹರಿದಾಡುತ್ತಿದ್ದವು. ಅಲ್ಲೊಂದು ಇಲ್ಲೊಂದು ಸೋಮಾರಿ ಹುಳು, ಮೈ ಚಾಚಿ ಬಿದ್ದುಕೊಂಡಿತ್ತು. ಅವಳ ಕೈ ತಾನಾಗಿಯೇ ರೆಪ್ಪೆಕಡ್ಡಿ ಎತ್ತಿಕೊಂಡಿತು. ಒಂದನ್ನು ತೆಗೆದು ಬ್ಲೀಚಿನ ಬಟ್ಟಲಿಗೆ ಅದ್ದಿದಳು. ಇನ್ನೊಂದನ್ನು ಅದ್ದಿದಳು. ಮೂರನೆಯದನ್ನು ಎತ್ತುವಾಗ ಅದರ ಗಂಟಲು ಕಣ್ಣಿಗೆ ಬಿತ್ತು.

ಗಂಟಲು ಮಿಡಿಯುತ್ತಿರಲಿಲ್ಲ. ಈ ಹುಳುವಿಗೆ ಹಲ್ಲಿಲ್ಲ, ಗಂಟಲೇ ಬೀಸುವ ಕಲ್ಲು. ಬದುಕಿರುವಷ್ಟು ಹೊತ್ತೂ ಅದು ಮಿಡಿಯುತ್ತಿರಬೇಕು. ಹುಳು ಬದುಕಿತ್ತು, ಮುಟ್ಟಿದರೆ ಬಾಲ ಆಡಿಸುತ್ತಿತ್ತು. ಗಂಟಲು ಮಾತ್ರ ಚೀಲದ ಹಾಗೆ ಜೋತುಬಿದ್ದಿತ್ತು.

ತಾಯಮ್ಮ ಎದ್ದು ಕಿಟಕಿಯ ಪರದೆ ಎಳೆದಳು. ಹಳದಿ ಕನ್ನಡಕ ಹಾಕಿಕೊಂಡು ನೀಲಿ ದೀಪ ಹಚ್ಚಿದಳು. ಹೊಳೆಯಬೇಕಾದದ್ದು ಹುಳುವಿನ ನಡುಮೈಯಲ್ಲಿ ತಿದ್ದಿದ ನಾಲ್ಕಾರು ಕೋಶ ಮಾತ್ರ. ಈ ಹುಳುವಿನಲ್ಲಿ ಮೂತಿಯಿಂದ ಬಾಲದವರೆಗೆ ಒಂದೇ ಹಸಿರು ಗೆರೆ ಉರಿಯುತ್ತಿತ್ತು. ಗಂಟಲು ಕರುಳಾಗಿಬಿಟ್ಟಿತ್ತು. ಸುತ್ತ ಊಟ ಹಾಸಿದ್ದರೂ ಹುಳು ಹಸಿದು ಸಾಯುತ್ತಿತ್ತು.

ಮುಂದಿನ ಹುಳು ನೋಡಿದಳು, ಅದರ ಮುಂದಿನದು. ನೂರಕ್ಕೆ ಹದಿನಾಲ್ಕು. ಬ್ಲೀಚಿಗೆ ಹಾಕಿದ ಎರಡೂ ಸೇರಿದರೆ ಹದಿನಾರು ಇದ್ದರೂ ಇದ್ದವು.

ಆಗ ಅವಳಿಗೆ ನೆನಪಾಯಿತು ಅನ್ನುವುದಕ್ಕಿಂತ, ಗೊತ್ತಿದ್ದದ್ದು ಎದ್ದು ಎದುರಿಗೆ ನಿಂತಿತು ಅನ್ನಬೇಕು. ಆರು ವರ್ಷ, ದಿನಾ ಬೆಳಿಗ್ಗೆ ಲೆಕ್ಕ ಹಾಕುವ ಮೊದಲು ಅವಳು ಸೋಮಾರಿ ಹುಳುಗಳನ್ನು ತೆಗೆದುಹಾಕುತ್ತಿದ್ದಳು. ಎತ್ತುವಾಗ ಕಡ್ಡಿ ತಗುಲಿ ಪೆಟ್ಟಾದ ಹುಳುವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಇಂದುಧರರೇ ಮೊದಲ ದಿನ ಹೇಳಿದ್ದರು. ಸಪ್ಪಗೆ ಬಿದ್ದದ್ದೆಲ್ಲ ತನ್ನ ಕೈಯ ಪೆಟ್ಟು ಎಂದುಕೊಂಡಿದ್ದಳು ಅವಳು. ಪುಸ್ತಕದಲ್ಲಿ 'ಹೊರಗಿಟ್ಟವು' ಎಂಬ ಕಾಲಂ ಇತ್ತು. ಅದರಲ್ಲಿ ಸೊನ್ನೆ ಬರೆಯುತ್ತಿದ್ದಳು. ತನ್ನ ಕೈ ತಪ್ಪನ್ನು ಯಾರಾದರೂ ಬರೆದಿಡುತ್ತಾರೆಯೇ? ತಟ್ಟೆ ಚೊಕ್ಕಟವಾಗಿರಬೇಕು, ಕೇಳಿದವರಿಗೆ ಚೆನ್ನಾಗಿದೆ ಎನ್ನಬೇಕು. ಅವ್ವನ ಪಾಠ.

ಮರುಕ್ಷಣ ಮುದ್ದೆ ನೆನಪಾಯಿತು. ಒಳೀಕೆ ಇಳಿಯೋವಾಗ ಒಸಿ ತಡೀತದೆ.

ಗೋಡೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. ಆ ಬಟ್ಟಲು, ಆ ಎರಡು ಹುಳು ಕರಗಿಹೋದ ನೀರು, ಮುಂದೆಯೇ ಇತ್ತು. ಅದನ್ನು ನೋಡಲಾರದೆ ಅದರ ಮೇಲೊಂದು ಕಾಗದ ಮುಚ್ಚಿದಳು.

ಇಂದುಧರ ಮೇಲಿನ ಮಹಡಿಯಲ್ಲಿ ಶನಿವಾರದ ಸಿದ್ಧತೆಯಲ್ಲಿದ್ದರು. ಕೋಣೆಯ ತುಂಬ ಪೆಟ್ಟಿಗೆಗಳು, ಬ್ಯಾನರುಗಳು. ಒಳ್ಳೆಯ ಮನುಷ್ಯ. ಇಪ್ಪತ್ತು ವರ್ಷದಲ್ಲಿ ತಾಯಮ್ಮನಿಗೆ ಒಂದು ಸಲವೂ ಏಕವಚನ ಬಳಸಿದವರಲ್ಲ. ಅವಳು ಬಾಗಿಲು ಹಾಕಿಕೊಂಡು ಒಂದೂ ಬಿಡದೆ ಹೇಳಿದಳು. ಕೇಳುತ್ತಾ ಕೇಳುತ್ತಾ ಅವರ ಮುಖದ ರಕ್ತ ಇಳಿಯಿತು. ನಡುನಡುವೆ ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಿದ್ದರು. ಕಡೆಗೆ ಕೆಳಗಿಳಿದು ಬಂದು ಪ್ಲೇಟು ನೋಡಿದರು. ಬಹಳ ಹೊತ್ತು ನೋಡಿದರು.

ಆಮೇಲೆ ಗೋಡೆಯ ವಂಶಾವಳಿಯ ಮುಂದೆ ನಿಂತು, ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ ಮಾತಾಡಿದರು. ಕೋಶಗಳು ನೆರೆಹೊರೆಯವರನ್ನು ಕೇಳಿಕೊಂಡೇ ಬಾಳುವಂಥವು. ಪಕ್ಕದವನು ಏನಾಗಿದ್ದಾನೆಂದು ನೋಡಿ ತಾನೇನಾಗಬೇಕೆಂದು ತೀರ್ಮಾನಿಸುತ್ತವೆ. ತಿದ್ದಿದ ಕೋಶ ತನ್ನ ಹೊಸ ಬರಹವನ್ನು ನೆರೆಯವರಿಗೂ ಪಿಸುಗುಟ್ಟುತ್ತಿರಬೇಕು, ಬೀಗ ಬಿದ್ದ ಮೇಲಂತೂ ಇನ್ನೂ ಜೋರಾಗಿ. ಎಳೆಯ ಮೈ ತಡೆದುಕೊಳ್ಳುತ್ತದೆ, ಮುದಿ ಮೈ ಸೋಲುತ್ತದೆ. ಮನುಷ್ಯನಲ್ಲಿ ಗಂಟಲು, ಹೊಟ್ಟೆ, ಲಿವರ್ ಎಲ್ಲವೂ ಭ್ರೂಣದ ಒಂದೇ ಕೊಳವೆಯಿಂದ ಕವಲೊಡೆದವು. ಅಣ್ಣತಮ್ಮಂದಿರು. ಮಾತು ಬೇಗ ಕೇಳುತ್ತವೆ.

ತಾಯಮ್ಮ ಶನಿವಾರದ ಶಿಬಿರ ನಿಲ್ಲಿಸಿ ಎಂದಳು. ಅವರು ಆಗದೆಂದು ತಲೆಯಾಡಿಸಿದರು. ಇದು ಒಂದು ಪ್ಲೇಟು, ಅದೂ ಹನ್ನೊಂದು ದಿನ ಯಾರೂ ನೋಡದೆ ಬಿಟ್ಟದ್ದು. ಆರು ವರ್ಷದ ಪುಸ್ತಕ ಇದಕ್ಕೆ ವಿರುದ್ಧ. ಮತ್ತೆ ಮಾಡಿ ನೋಡಲು ಮೂರು ವಾರ ಬೇಕು. ಸೂಜಿ ನಿಂತರೆ ನಲವತ್ತು ಸಾವಿರ ಜನಕ್ಕೆ ಕಾಯಿಲೆ ಮರಳುತ್ತದೆ. ಕಾಲು ಹೋಗುತ್ತದೆ, ಕಣ್ಣು ಹೋಗುತ್ತದೆ. ಅದರ ಪಾಪ ಯಾರಿಗೆ ಎಂದು ಕೇಳಿದರು.

"ಪುಸ್ತಕ ನಾನು ಬರೆದದ್ದು ಸಾರ್," ಎಂದಳು ತಾಯಮ್ಮ. "ಅದರಲ್ಲಿರೋ ಸೊನ್ನೆ ಸುಳ್ಳು ಅಂತ ನಾನೇ ಹೇಳ್ತಿದೀನಿ."

"ಹುಳ ಹುಳವೇ ತಾಯಮ್ಮ. ಮನುಷ್ಯನ ಗಂಟಲಲ್ಲಿ ಇದನ್ನ ಒಂದು ಸಲ ಕಾಣದೆ ನಾನು ಯಾವ ಬಾಯಲ್ಲಿ ನಿಲ್ಲಿಸಿ ಅನ್ನಲಿ?"

ಅವರ ದನಿ ನಡುಗುತ್ತಿತ್ತು. ಹೆದರಿದ್ದಾರೆ ಎಂದು ತಾಯಮ್ಮನಿಗೆ ತಿಳಿಯಿತು. ಯಾವುದಕ್ಕೆ ಹೆದರಿದ್ದಾರೆಂದು ತಿಳಿಯಲಿಲ್ಲ. ಹೆಸರು ಹೋಗುತ್ತದೆಂದಿರಬಹುದು ಅಂದುಕೊಂಡಳು. ಸಂಜೆ ಹೊರಡುವಾಗ ಯಾರನ್ನೂ ಕೇಳದೆ ಕೈದೀಪದಂಥ ಸಣ್ಣ ನೀಲಿ ದೀಪವನ್ನೂ ಹಳದಿ ಕನ್ನಡಕವನ್ನೂ ಊಟದ ಚೀಲಕ್ಕೆ ಹಾಕಿಕೊಂಡಳು. ಇಪ್ಪತ್ತು ವರ್ಷದಲ್ಲಿ ಅಲ್ಲಿಂದ ಒಂದು ಹತ್ತಿಯುಂಡೆಯನ್ನೂ ತಂದವಳಲ್ಲ.

ಬನ್ನಿಮಂಟಪದ ಹಿಂದಿನ ಬೀದಿಯ ಅವರ ಮನೆಯಲ್ಲಿ ರಾಚಪ್ಪ ಅವರೆಕಾಳು ಸುಲಿಯುತ್ತಾ ಕೂತಿದ್ದ. ಶನಿವಾರ ಸೂಜಿಯಾದ ಮೇಲೆ ಬೀದಿಯವರಿಗೆಲ್ಲ ಒಬ್ಬಟ್ಟು ಹಾಕಿಸುವ ಯೋಜನೆ ನಡೆಸಿದ್ದ. ಬೇಳೆ ತಂದಾಗಿತ್ತು, ಬೆಲ್ಲ ತಂದಾಗಿತ್ತು. ಅದನ್ನೆಲ್ಲ ಹೇಳುತ್ತಲೇ ಎರಡು ಸಲ ಕೆಮ್ಮಿದ. ತಾಯಮ್ಮ ಚೀಲ ಕೆಳಗಿಡದೆ ಹಾಗೇ ನಿಂತು ಕೇಳಿಸಿಕೊಂಡಳು. ಆ ಕೆಮ್ಮು ಹಿಂದಿನ ವಾರವೂ ಇತ್ತೇ? ಹಿಂದಿನ ತಿಂಗಳೂ ಇತ್ತೇ? ಎಷ್ಟು ದಿನದಿಂದ ಅವನು ಅನ್ನಕ್ಕೆ ಮಜ್ಜಿಗೆ ಜಾಸ್ತಿ ಕೇಳುತ್ತಿದ್ದಾನೆ?

ಬಚ್ಚಲುಮನೆಗೆ ಬನ್ನಿ ಎಂದಳು. ಮನೆಯಲ್ಲಿ ಕತ್ತಲಾಗುವ ಜಾಗ ಅದೊಂದೇ.

"ಏನಮ್ಮಿ ಇದು? ಈ ವಯಸ್ಸಲ್ಲಿ ಬಚ್ಚಲುಮನೆಗೆ ಕರೀತೀಯಲ್ಲ," ಎಂದು ನಗಾಡುತ್ತಲೇ ಬಂದ. ಅವಳು ಬಾಗಿಲು ಹಾಕಿ, ಕನ್ನಡಕ ಏರಿಸಿ, ಮಗ್ಗು ಬೋರಲು ಹಾಕಿ ಅದರ ಮೇಲೆ ಚಮಚ ಇಟ್ಟುಕೊಂಡಳು. ಅವಳ ಮುಖ ನೋಡಿದ ಮೇಲೆ ಅವನ ನಗು ನಿಂತಿತು.

"ಬಾಯಿ ತೆಗೀರಿ ಒಸಿ."

ಚಮಚದಿಂದ ನಾಲಗೆ ಅದುಮಿ ದೀಪ ಬಿಟ್ಟಳು. ಹಲ್ಲುಗಳು ಮಂಕಾಗಿ ಕಂಡವು. ನಾಲಗೆ ಕಪ್ಪು. ಕಿರುನಾಲಗೆ ಕಪ್ಪು. ಜೀವ ಕೈಯಲ್ಲಿ ಹಿಡಿದುಕೊಂಡು ಇನ್ನೂ ಒಳಕ್ಕೆ ನೋಡಿದಳು. ಏನೂ ಇಲ್ಲ. ದೇವರೇ, ಏನೂ ಇಲ್ಲ ಎಂದುಕೊಂಡು ದೀಪ ಹಿಂದಕ್ಕೆ ತೆಗೆಯುವಾಗ ರಾಚಪ್ಪ ಉಗುಳು ನುಂಗಲು ಹೋದ, ಗಂಟಲು ಒಂದು ಗಳಿಗೆ ಮೇಲೆದ್ದಿತು. ಆಗ ಕಂಡಿತು. ಹಿಂಗೋಡೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಹಸಿರು ಚುಕ್ಕಿಗಳು.

ಅವಳು ದೀಪ ಆರಿಸಿದಳು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲೇ, ಅವನ ಮುಖ ಕಾಣದ ಧೈರ್ಯದಲ್ಲಿ, ಎಲ್ಲ ಹೇಳಿದಳು. ಸೂಜಿ ಚುಚ್ಚಿಸಿಕೊಳ್ಳಲು ಹೆದರಿದ್ದವನು ಅವನು. ಹುಳುಗಳನ್ನು ನಾನೇ ನೋಡಿದ್ದೀನಿ, ಒಂದಕ್ಕೂ ಏನೂ ಆಗಿಲ್ಲ ಎಂದು ಕೈಹಿಡಿದು ಕರೆದುಕೊಂಡು ಹೋಗಿದ್ದವಳು ಅವಳೇ. ಅದನ್ನೂ ಹೇಳಿದಳು. ಹೇಳುವಾಗ ಅಳು ಬಂತು, ಅತ್ತಳು.

ರಾಚಪ್ಪ ಕತ್ತಲಲ್ಲೇ ತಡಕಾಡಿ ನಲ್ಲಿ ಬಿಗಿ ಮಾಡಿದ. ಆಮೇಲೆ ಕೇಳಿದ.

"ಹಿಂಗಾದ ಹುಳವ ನೀನು ಏನ್ ಮಾಡ್ತಿದ್ದೆ?"

ಉತ್ತರ ಅವನಿಗೆ ಗೊತ್ತಿತ್ತು. ಅವಳು ಎಷ್ಟೋ ಸಲ ಊಟಕ್ಕೆ ಕೂತಾಗ ಕೈಯ ಬ್ಲೀಚಿನ ವಾಸನೆಗೆ ಮೂಗು ಮುಚ್ಚಿಕೊಂಡು ರೇಗಿಸಿದ್ದವನು ಅವನೇ.

ಬೀಗದ ಸೂಜಿ ಹಾಕಿಸದಿದ್ದರೆ ಈ ಚುಕ್ಕಿಗಳು ಮಾಸುತ್ತವೆಯೇ ಎಂದು ಅವನು ಆಮೇಲೆ ಕೇಳಿದ. ಮಾಸಬಹುದು, ಮಾಸದೆಯೂ ಇರಬಹುದು, ಯಾರಿಗೂ ಗೊತ್ತಿಲ್ಲ ಎಂದಳು. ಬರಹ ಮಾಸಿದರೆ ಕಾಲು ಹೋಗುತ್ತದೆ, ಅಲ್ಲವೇ ಎಂದ. ಹೂಂ ಎಂದಳು. ಅವನು ಬಾಗಿಲು ತೆಗೆದು ಹೊರಗೆ ಹೋಗಿ, ಕ್ಯಾಲೆಂಡರಿನ ಮೊಳೆಯಿಂದ ಚೀಟಿ ತೆಗೆದು, ಮಡಚಿ, ಜೇಬಿಗಿಟ್ಟುಕೊಂಡ. ಹರಿಯಲಿಲ್ಲ. ಹಣೆಬರಹಕ್ಕೆ ಹೊಣೆ ಯಾರು ಎಂಬ ಗಾದೆಯನ್ನು ಮಾತಿಗೊಂದು ಸಲ ಹೇಳುತ್ತಿದ್ದ ಮನುಷ್ಯ, ಅವತ್ತು ಹೇಳಲಿಲ್ಲ. ತಾಯಮ್ಮ ಅಂದಿನ ಅಡಿಗೆಗೆ ಅನ್ನವನ್ನು ಗಂಜಿಯ ಹಾಗೆ ಬೇಯಿಸಿದಳು. ಅವನು ಕುಡಿದ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಡ್ರೈವರು ತಿರುವಿನಲ್ಲಿ ಬ್ರೇಕು ಹಾಕಿದ ರೀತಿಗೆ ರಾಚಪ್ಪ ಅಭ್ಯಾಸಬಲದಿಂದ ಲೊಚಗುಟ್ಟಿದ. ತಾಯಮ್ಮ ಅವನ ಮಂಡಿಯ ಮೇಲೆ ಕೈಯಿಟ್ಟಳು.

ಸೂಕ್ಷ್ಮದರ್ಶಕದ ಕತ್ತಲೆ ಕೋಣೆಯಲ್ಲಿ ಇಂದುಧರ ಒಬ್ಬರೇ ಇದ್ದರು. ರಾತ್ರಿ ಮನೆಗೆ ಹೋದ ಹಾಗೆ ಕಾಣಲಿಲ್ಲ. ತಾಯಮ್ಮ ದೀಪ ಒಯ್ದದ್ದಕ್ಕೆ ತಪ್ಪಾಯಿತೆಂದು ಹೇಳಿ, ದೀಪ ಕನ್ನಡಕ ಎರಡನ್ನೂ ಅವರ ಮುಂದಿಟ್ಟಳು. ಮನುಷ್ಯನ ಗಂಟಲಲ್ಲಿ ಕಾಣದೆ ಆಗುವುದಿಲ್ಲ ಅಂದಿರಲ್ಲ, ನನ್ನ ಯಜಮಾನರನ್ನು ಕರೆತಂದಿದ್ದೇನೆ ಎಂದಳು. ರಾಚಪ್ಪ ಸ್ಟೂಲಿನ ಮೇಲೆ ಕೂತು, ಹೇಳುವ ಮೊದಲೇ ಬಾಯಿ ತೆರೆದ.

ಇಂದುಧರ ನೋಡಿದರು. ಎಲ್ಲಿ ನೋಡಬೇಕು, ಯಾವಾಗ ನುಂಗಲು ಹೇಳಬೇಕು ಎಂದು ತಾಯಮ್ಮ ಹೇಳಿಕೊಟ್ಟಳು. ಅವರು ಇನ್ನೊಂದು ಸಲ ನೋಡಿದರು. ದೀಪವನ್ನು ಮೇಜಿನ ಮೇಲಿಟ್ಟು ಫ್ಲಾಸ್ಕಿನಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡರು. ಅದು ಇಳಿಯಲಿಲ್ಲ. ಕೆಮ್ಮಿದರು, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದರು.

ಆಗ ತಾಯಮ್ಮ ಫ್ಲಾಸ್ಕನ್ನು ನೋಡಿದಳು. ನಿನ್ನೆಯೂ ಇತ್ತು ಅದು. ಮೊನ್ನೆ ಮೊನ್ನೆಯವರೆಗೆ ಈ ಮನುಷ್ಯ ಹಬೆಯಾಡುವ ಕಾಫಿಯನ್ನು ಒಂದೇ ಏಟಿಗೆ ಗಟಗಟ ಕುಡಿಯುತ್ತಿದ್ದವರು.

"ಈ ಸೂಜಿ ಮೊಟ್ಟಮೊದಲು ಯಾರು ತಗೊಂಡದ್ದು ಅಂತ ಗೊತ್ತಾ ತಾಯಮ್ಮ?" ಎಂದರು ಇಂದುಧರ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಉತ್ತರ ಅವಳಿಗೆ ಆಗಲೇ ಹೊಳೆದಿತ್ತು.

"ಐದು ವರ್ಷ ಆಯ್ತು. ಜನಕ್ಕೆ ಕೊಡೋ ಮೊದಲು ನಾನೇ ಚುಚ್ಚಿಕೊಂಡೆ. ಬೀಗದ್ದೂ ಹಾಕ್ಕೊಂಡಾಯ್ತು, ಎರಡು ವರ್ಷದ ಹಿಂದೆ. ನಿಮ್ಮ ಪುಸ್ತಕ ನೋಡಿಯೇ ಹಾಕ್ಕೊಂಡದ್ದು." ಅವರು ರಾಚಪ್ಪ ಎದ್ದ ಸ್ಟೂಲಿನ ಮೇಲೆ ಕೂತರು. ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟರು. "ನಿನ್ನೆಯಿಂದ ಕನ್ನಡಿ ಮುಂದೆ ನಿಂತು ನಿಂತು ಸಾಕಾಯ್ತು. ನನ್ನ ಕಣ್ಣನ್ನ ನಾನು ನಂಬಲ್ಲ. ನೀವು ನೋಡಿ."

ಅವರು ಬಾಯಿ ತೆರೆದರು. ತಾಯಮ್ಮ ಕನ್ನಡಕ ಏರಿಸಿ, ಮನೆಯಿಂದ ತಂದಿದ್ದ ಚಮಚವನ್ನೂ ದೀಪವನ್ನೂ ಹಿಡಿದು ಬಗ್ಗಿದಳು.

ದೀಪ ಹಚ್ಚಬೇಕಾಗಿಯೂ ಇರಲಿಲ್ಲ ಅನ್ನಿಸುವಷ್ಟು ಹಸಿರು. ಚುಕ್ಕಿಗಳಲ್ಲ, ಕೆರೆಗೆ ಪಾಚಿ ಕಟ್ಟಿದ ಹಾಗೆ ಹರಡಿತ್ತು. ಕಿರುನಾಲಗೆಯ ಬುಡದಿಂದ ಕಣ್ಣಿಗೆ ಕಾಣುವಷ್ಟು ಆಳದವರೆಗೆ. ಅವರ ಕಣ್ಣುಗಳು ಕೆಳಗಿನಿಂದ ಅವಳನ್ನೇ ನೋಡುತ್ತಿದ್ದವು, ಹೆದರಿದ ಮಗುವಿನ ಕಣ್ಣು. ಇಪ್ಪತ್ತು ವರ್ಷ ಅನ್ನ ಕೊಟ್ಟವರು. ಏನೂ ಇಲ್ಲ ಸಾರ್, ಚೆನ್ನಾಗಿದೆ ಎಂಬ ಮಾತು ಅವಳ ನಾಲಗೆಯ ತುದಿಯವರೆಗೆ ಬಂದಿತ್ತು. ಸಪ್ಪಗಿರುವ ಹುಳುವಿನ ಮಾತು ಆಡಬಾರದು, ಆಡಿದರೆ ಮನೆ ತುಂಬ ಹಬ್ಬುತ್ತದೆ. ಅವ್ವ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿಸಿತು.

"ಇದೆ ಸಾರ್," ಎಂದಳು. "ತುಂಬಾ ಇದೆ."

ಅವರು ನಿಧಾನವಾಗಿ ಬಾಯಿ ಮುಚ್ಚಿದರು. ಎರಡು ಸಲ ತಲೆಯಾಡಿಸಿದರು. ಎದ್ದು ಗೋಡೆಯ ಬದಿಯ ಫೋನಿನ ಹತ್ತಿರ ಹೋಗಿ, ಶಿಬಿರದ ಮುಖ್ಯ ಕಚೇರಿಗೆ ನಂಬರು ಒತ್ತಿ, ನಾಳೆ ಒಬ್ಬರಿಗೂ ಸೂಜಿ ಹಾಕಕೂಡದು ಎಂದರು. ಅತ್ತಲಿಂದ ಯಾಕೆ ಎಂದು ಕೇಳಿರಬೇಕು. ಕಾರಣ ಬರೆದು ಕಳಿಸುತ್ತೇನೆ, ಪುಸ್ತಕದ ಸಮೇತ ಕಳಿಸುತ್ತೇನೆ ಎಂದರು. ದನಿ ಗಂಟಲಿಗೆ ಸಿಕ್ಕಿಕೊಂಡು ಅದನ್ನೇ ಮೂರು ಸಲ ಹೇಳಬೇಕಾಯಿತು.

ತಾಯಮ್ಮ ಕಪಾಟಿನಿಂದ ಪುಸ್ತಕ ತೆಗೆದಳು. ಆರು ವರ್ಷದ ಸೊನ್ನೆಗಳು, ಅವಳದೇ ದುಂಡು ಅಕ್ಷರ. ಹೊಸ ಹಾಳೆಯಲ್ಲಿ ತಾರೀಕು ಹಾಕಿ, 'ಹೊರಗಿಟ್ಟವು' ಎಂಬ ಕಾಲಂನಲ್ಲಿ ಎರಡು ಎಂದು ಬರೆದಳು, ಬ್ಲೀಚಿಗೆ ಹಾಕಿದ ಹುಳುಗಳು. ಅದರ ಕೆಳಗೆ, ಗಂಟಲು ಹಸಿರಾದವು ಹದಿನಾಲ್ಕು ಎಂದು ಬರೆದಳು. ಹಿಂದಿನ ಆರು ವರ್ಷದಲ್ಲಿ ತೆಗೆದುಹಾಕಿದ್ದು ಎಷ್ಟೆಂದು ತಿಳಿಯದು, ತಿಳಿಯದಿರುವುದು ನನ್ನ ತಪ್ಪು ಎಂದು ಬರೆದು ಸಹಿ ಮಾಡಿದಳು. ಆಮೇಲೆ ಮನುಷ್ಯರು ಎಂದು ಹೊಸ ಸಾಲು ಎಳೆದಳು. ಒಂದನೆಯದು ಇಂದುಧರ. ಎರಡನೆಯದಕ್ಕೆ ಬಂದಾಗ ಕೈ ನಿಂತಿತು. ಗಂಡನ ಹೆಸರು ಬಾಯಲ್ಲಿ ಹೇಳಿದವಳಲ್ಲ, ಬರೆದು ಅಭ್ಯಾಸವಿತ್ತು. ಆದರೂ ಬರೆಯಲಾಗಲಿಲ್ಲ. ಬರೆದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು.

ರಾಚಪ್ಪ ಅವಳ ಹಿಂದೆ ಬಂದು ನಿಂತಿದ್ದ. ಹಾಳೆಯ ಮೇಲಿನ ಖಾಲಿ ಜಾಗ ನೋಡಿದ. ಅವನ ಉಸಿರು ಗಂಟಲಲ್ಲಿ ತಡೆದು ತಡೆದು ಬರುತ್ತಿದ್ದುದು ಅವಳಿಗೆ ಕೇಳಿಸಿತು.

"ಬರಿ ಕಣಮ್ಮಿ," ಎಂದ. "ನನ್ನ ಬಿಡಬ್ಯಾಡ."